ಪೋಸ್ಟರ್ ಸಾರಾಂಶ: ಬರೆಯುವುದರಿಂದ ಸಲ್ಲಿಸುವವರೆಗೆ

ವೈಜ್ಞಾನಿಕ ಸಮ್ಮೇಳನಕ್ಕೆ ಪೋಸ್ಟರ್, ಎಂದರೆ ಅಧ್ಯಯನವನ್ನು ಒಂದೇ ದೊಡ್ಡ ಹಾಳೆಯಲ್ಲಿ ತೋರಿಸುವ ಫಲಕ, ಕಳುಹಿಸಬೇಕೆಂದು ನಿರ್ಧರಿಸಿದ ಸಂಶೋಧಕರು ಮೊದಲು ಅದರ ಅಳತೆ, ಬಣ್ಣ, ಚಿತ್ರಗಳ ಬಗ್ಗೆ ಯೋಚಿಸತೊಡಗುತ್ತಾರೆ. ಆದರೆ ಆಯ್ಕೆ ಸಮಿತಿಯ ಕಣ್ಣಿಗೆ ಪೋಸ್ಟರ್ ಬೀಳುವುದೇ ಇಲ್ಲ. ಅವರ ಮುಂದಿರುವುದು ಇನ್ನೂರೈವತ್ತು ಅಥವಾ ಮುನ್ನೂರು ಪದಗಳ ಒಂದು ಸಾರಾಂಶ ಮಾತ್ರ. ಸ್ವೀಕೃತವಾದ ಮೇಲೆ ಅದೇ ಸಾರಾಂಶ ಸಮ್ಮೇಳನದ ಪುಸ್ತಿಕೆಯಲ್ಲಿ ಅಚ್ಚಾಗುತ್ತದೆ, ನೂರಾರು ಪೋಸ್ಟರ್‌ಗಳ ನಡುವೆ ಯಾವುದರ ಮುಂದೆ ನಿಲ್ಲಬೇಕೆಂದು ಹುಡುಕುವವರಿಗೆ ದಾರಿ ತೋರುತ್ತದೆ, ಸಮ್ಮೇಳನ ಮುಗಿದು ಪೋಸ್ಟರನ್ನು ಸುತ್ತಿ ಮೂಲೆಗಿಟ್ಟ ನಂತರವೂ ಉಳಿಯುತ್ತದೆ. ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವ್ಯವಸ್ಥಿತ ವಿಮರ್ಶೆಯೊಂದು, ಬಹುಪಾಲು ವೈದ್ಯಕೀಯ ಕ್ಷೇತ್ರಕ್ಕೆ ಸೇರಿದ ಮೂರು ಲಕ್ಷಕ್ಕೂ ಹೆಚ್ಚು ಸಮ್ಮೇಳನ ಸಾರಾಂಶಗಳ ಜಾಡು ಹಿಡಿದು ನೋಡಿದಾಗ, ಮುಂದೆ ಪೂರ್ಣ ಪ್ರಬಂಧವಾಗಿ ಹೊರಬಂದವು ಶೇ. 37ರಷ್ಟು ಮಾತ್ರ ಎಂದು ತಿಳಿದುಬಂತು. ಎಂದರೆ ಉಳಿದ ಅಧ್ಯಯನಗಳ ಮಟ್ಟಿಗೆ ಹೊರಜಗತ್ತಿಗೆ ಸಿಕ್ಕಿರುವ ದಾಖಲೆ ಸಾರಾಂಶವೊಂದೇ. ಹೀಗಾಗಿ ಸಾರಾಂಶವನ್ನು ಮುಂದೆ ಹೇಳಲಿರುವ ಮಾತಿನ ಜಾಹೀರಾತಿನಂತೆ ಬರೆಯದೆ, ಅದನ್ನಷ್ಟೇ ಓದಿದವರಿಗೂ ಅಧ್ಯಯನದ ಫಲ ಸಂಖ್ಯೆಗಳ ಸಮೇತ ಸಿಗುವಂತೆ ಬರೆಯಬೇಕು. ಈ ಮಾರ್ಗದರ್ಶಿಯಲ್ಲಿರುವ ಹೆಚ್ಚಿನ ಸಲಹೆಗಳು ಈ ಒಂದು ಮಾತಿನಿಂದಲೇ ಹುಟ್ಟಿದವು.

ಮೊದಲ ಹಂತ: ಆಹ್ವಾನವನ್ನು ಓದುವುದು

ಸಮ್ಮೇಳನದ ಆಹ್ವಾನ ಪತ್ರವನ್ನೂ ಸಲ್ಲಿಕೆಯ ನಿಯಮಗಳನ್ನೂ ಒಮ್ಮೆ ಪೂರ್ತಿಯಾಗಿ ಓದಿ, ಬೇಕಾದ ಅಂಶಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮಿತಿ ಪದಗಳಲ್ಲಿದೆಯೋ ಅಕ್ಷರಗಳಲ್ಲಿದೆಯೋ, ಅಕ್ಷರಗಳಲ್ಲಿದ್ದರೆ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆಯೋ, ಶೀರ್ಷಿಕೆ ಮತ್ತು ಲೇಖಕರ ಹೆಸರುಗಳು ಆ ಮಿತಿಯ ಒಳಗೋ ಹೊರಗೋ ಎಂಬುದನ್ನು ಮೊದಲೇ ತಿಳಿಯದೆ ಬರೆಯಲು ಕುಳಿತರೆ ಕೊನೆಯ ರಾತ್ರಿ ಕತ್ತರಿ ಹಿಡಿಯಬೇಕಾಗುತ್ತದೆ. ಇಂಗ್ಲಿಷಿನಲ್ಲಿ 2,000 ಅಕ್ಷರಗಳ ಮಿತಿ ಎಂದರೆ ಸುಮಾರು 300 ಪದಗಳು. ಉದ್ದುದ್ದ ಪಾರಿಭಾಷಿಕ ಪದಗಳಿರುವ ವಿಷಯಗಳಲ್ಲಿ ಅಷ್ಟೂ ಹಿಡಿಯುವುದಿಲ್ಲ. ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ಉಪಶೀರ್ಷಿಕೆಗಳು ಕಡ್ಡಾಯವೇ, ಕೋಷ್ಟಕ ಅಥವಾ ಚಿತ್ರ ಸೇರಿಸಬಹುದೇ, ಒಬ್ಬರು ಎಷ್ಟು ಸಾರಾಂಶಗಳಿಗೆ ಮೊದಲ ಲೇಖಕರಾಗಬಹುದು, ಮಂಡಿಸುವವರು ಸದಸ್ಯರಾಗಿರಬೇಕೇ, ಸಲ್ಲಿಕೆಗೆ ಪ್ರತ್ಯೇಕ ಶುಲ್ಕವಿದೆಯೇ, ಬೇರೆಡೆ ಮಂಡಿಸಿದ ಕೆಲಸವನ್ನು ಸ್ವೀಕರಿಸುತ್ತಾರೆಯೇ ಎಂಬ ಪ್ರಶ್ನೆಗಳಿಗೂ ಇದೇ ಹಾಳೆಯಲ್ಲಿ ಉತ್ತರವಿರಲಿ.

ಗಡುವಿನ ವಿಷಯದಲ್ಲಿ ದಿನಾಂಕದಷ್ಟೇ ಸಮಯ ವಲಯವನ್ನೂ ನೋಡಬೇಕು. ಹಲವು ಸಮ್ಮೇಳನಗಳು 'ಭೂಮಿಯ ಮೇಲೆ ಎಲ್ಲಿಯಾದರೂ' ಎಂಬ ಲೆಕ್ಕವನ್ನು ಬಳಸುತ್ತವೆ. ಅದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ 12 ಗಂಟೆ ಹಿಂದಿರುವ ವಲಯ. ಆ ಲೆಕ್ಕದಲ್ಲಿ 15ನೇ ತಾರೀಖು ರಾತ್ರಿ 11.59ರ ಗಡುವು ಎಂದರೆ ಯುಟಿಸಿ ಪ್ರಕಾರ 16ನೇ ತಾರೀಖು ಬೆಳಗ್ಗೆ 11.59. ಆದರೆ ಎಲ್ಲ ಸಮ್ಮೇಳನಗಳೂ ಇಷ್ಟು ಉದಾರವಲ್ಲ. ಆತಿಥೇಯ ನಗರದ ಸಮಯವನ್ನೇ ಹಿಡಿಯುವವರ ಬಳಿ ನಿಮ್ಮ ದಿನ ಇನ್ನೂ ಮುಗಿಯುವ ಮೊದಲೇ ಬಾಗಿಲು ಮುಚ್ಚಿರಬಹುದು. ನಿಮ್ಮ ಗಡಿಯಾರಕ್ಕೆ ಹೊಂದಿಸಿದ ಸಮಯವನ್ನು ಬರೆದಿಟ್ಟು, ಅದಕ್ಕಿಂತ ಎರಡು ದಿನ ಮೊದಲಿನ ದಿನಾಂಕವನ್ನು ನಿಮ್ಮ ಸ್ವಂತ ಗಡುವಾಗಿ ಇಟ್ಟುಕೊಳ್ಳಿ.

ಹಣ ಕಟ್ಟುವ ಮುನ್ನ ಸಮ್ಮೇಳನದ ಬಗ್ಗೆಯೂ ವಿಚಾರಿಸುವುದು ಒಳ್ಳೆಯದು. ಹೆಸರೇ ಕೇಳಿರದ ಸಂಘಟಕರಿಂದ ಹೊಗಳಿಕೆಯ ಮಿಂಚಂಚೆ ಬಂದರೆ, ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ವಿಷಯಗಳು ಒಂದೇ ಸಮ್ಮೇಳನದಲ್ಲಿ ಕಂಡರೆ, ಸಲ್ಲಿಸಿದ ಕೆಲವೇ ಗಂಟೆಗಳಲ್ಲಿ ಸ್ವೀಕೃತಿ ಬಂದರೆ ಅನುಮಾನಿಸಬೇಕು. ನಿಮ್ಮ ಕ್ಷೇತ್ರದ ಹಿರಿಯರಲ್ಲಿ ಇಬ್ಬರಾದರೂ ಆ ಸಮ್ಮೇಳನಕ್ಕೆ ಹಿಂದೆ ಹೋಗಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಎರಡನೇ ಹಂತ: ಕೆಲಸ ಎಷ್ಟು ಮುಗಿದಿದೆ ಎಂದು ತೂಗಿ ನೋಡುವುದು

ಸಾರಾಂಶದ ಗಡುವು ಸಮ್ಮೇಳನಕ್ಕಿಂತ ಹಲವು ತಿಂಗಳು ಮುಂಚೆ ಇರುತ್ತದೆ. ಅಷ್ಟರಲ್ಲಿ ಉಳಿದ ಪ್ರಯೋಗಗಳು ಮುಗಿಯುತ್ತವೆಂಬ ಭರವಸೆಯಲ್ಲಿ ಫಲಿತಾಂಶವಿಲ್ಲದ ಸಾರಾಂಶ ಕಳುಹಿಸುವ ಅಭ್ಯಾಸ ವ್ಯಾಪಕವಾಗಿದೆ. 'ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು' ಎಂಬ ವಾಕ್ಯ ಅಲ್ಲಿಂದಲೇ ಬರುತ್ತದೆ. ಪರಿಶೀಲಕರಿಗೆ ಅದು ಹೇಳುವುದು ಒಂದೇ ವಿಷಯ: ಇವರ ಬಳಿ ಇನ್ನೂ ಏನೂ ಇಲ್ಲ. ಕೆಲವು ಸಮ್ಮೇಳನಗಳು ಅಂಥ ವಾಕ್ಯವಿರುವ ಸಾರಾಂಶಗಳನ್ನು ತಿರಸ್ಕರಿಸುವುದಾಗಿ ನಿಯಮದಲ್ಲೇ ಹೇಳಿರುತ್ತವೆ. ದತ್ತಾಂಶ ಸಂಗ್ರಹಣೆ ನಡೆಯುತ್ತಿದ್ದರೆ, ಈವರೆಗೆ ಸಿಕ್ಕಿರುವುದನ್ನು ಪ್ರಾಥಮಿಕ ಫಲಿತಾಂಶವೆಂದು ಹೆಸರಿಸಿ, ಎಷ್ಟು ಮಾದರಿಗಳಿಂದ ಬಂದದ್ದೆಂದು ಬರೆಯಬಹುದು. ಪ್ರಾಥಮಿಕ ಎನ್ನಲೂ ಏನೂ ಇಲ್ಲದಿದ್ದರೆ, ಅಧ್ಯಯನದ ವಿನ್ಯಾಸವನ್ನಷ್ಟೇ ಮಂಡಿಸಲು ಪ್ರತ್ಯೇಕ ವಿಭಾಗವಿದೆಯೇ ಎಂದು ನೋಡಿ. ಇಲ್ಲವಾದರೆ ಮುಂದಿನ ವರ್ಷಕ್ಕೆ ಕಾಯುವುದೇ ಸರಿ.

ಇದೇ ಹಂತದಲ್ಲಿ ಲೇಖಕರ ಪಟ್ಟಿಯನ್ನು ತೀರ್ಮಾನಿಸಬೇಕು. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತುಗಳನ್ನು ಹೇಳಿದೆ: ಅಧ್ಯಯನದ ಕಲ್ಪನೆ, ವಿನ್ಯಾಸ, ದತ್ತಾಂಶ ಅಥವಾ ವಿಶ್ಲೇಷಣೆಗೆ ಗಣನೀಯ ಕೊಡುಗೆ ನೀಡಿರಬೇಕು, ಬರವಣಿಗೆಯಲ್ಲಿ ಅಥವಾ ಅದರ ವಿಮರ್ಶಾತ್ಮಕ ಪರಿಷ್ಕರಣೆಯಲ್ಲಿ ಪಾಲ್ಗೊಂಡಿರಬೇಕು, ಅಂತಿಮ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಕೆಲಸದ ಎಲ್ಲ ಅಂಶಗಳಿಗೆ ಹೊಣೆ ಹೊರಲು ಸಿದ್ಧರಿರಬೇಕು. ನಾಲ್ಕೂ ಒಟ್ಟಿಗೆ ಇರಬೇಕು, ಒಂದಿದ್ದರೆ ಸಾಲದು. ವೈದ್ಯಕೀಯದ ಹೊರಗಿನ ಕ್ಷೇತ್ರಗಳಲ್ಲೂ ಈ ಅಳತೆಗೋಲು ಕೆಲಸಕ್ಕೆ ಬರುತ್ತದೆ. ಉಪಕರಣ ಬಳಸಲು ಬಿಟ್ಟವರಿಗೆ ಕೃತಜ್ಞತೆ ಸಲ್ಲುತ್ತದೆ, ಲೇಖಕತ್ವವಲ್ಲ. ಹೆಸರುಗಳ ಕ್ರಮದ ಮಾತು ಸಾರಾಂಶ ಬರೆಯುವ ಮೊದಲೇ ಆಗಿಬಿಡಲಿ. ಸ್ವೀಕೃತಿ ಬಂದ ಮೇಲೆ ಆ ಮಾತು ಎತ್ತಿದರೆ ಮನಸ್ಸುಗಳು ಕೆಡುತ್ತವೆ, ಅಷ್ಟು ಹೊತ್ತಿಗೆ ಪಟ್ಟಿಯನ್ನು ಬದಲಿಸಲು ಸಂಘಟಕರೂ ಒಪ್ಪದಿರಬಹುದು.

ಹೊಸ ಸಾಧನ, ಸಂಯುಕ್ತ ಅಥವಾ ತಯಾರಿಕಾ ವಿಧಾನ ನಿಮ್ಮ ಅಧ್ಯಯನದಲ್ಲಿದ್ದರೆ ಪೇಟೆಂಟಿನ ಬಗ್ಗೆ ಈಗಲೇ ಯೋಚಿಸಬೇಕು. ಸಾರಾಂಶ ಪ್ರಕಟವಾದ ಕ್ಷಣ ಆವಿಷ್ಕಾರ ಬಹಿರಂಗವಾದಂತೆ. ಅಮೆರಿಕದಲ್ಲಿ ಆವಿಷ್ಕಾರಕರು ತಾವೇ ಬಹಿರಂಗಪಡಿಸಿದ ಮೇಲೂ ಅರ್ಜಿ ಹಾಕಲು ಒಂದು ವರ್ಷದ ಅವಕಾಶವಿದೆ. ಯುರೋಪಿನ ಪೇಟೆಂಟ್ ವ್ಯವಸ್ಥೆಯಲ್ಲಿ, ತೀರಾ ಸೀಮಿತ ವಿನಾಯಿತಿಗಳನ್ನು ಬಿಟ್ಟರೆ, ಅರ್ಜಿಗೆ ಮೊದಲು ಆದ ಯಾವುದೇ ಬಹಿರಂಗಪಡಿಸುವಿಕೆ ಹೊಸತನವನ್ನು ಕಳೆದುಬಿಡುತ್ತದೆ. ಪೋಸ್ಟರ್ ಪ್ರದರ್ಶನದ ದಿನಕ್ಕಿಂತ ವಾರಗಟ್ಟಲೆ ಮುಂಚೆ ಸಾರಾಂಶ ಜಾಲದಲ್ಲಿ ಕಾಣಿಸಿಕೊಳ್ಳಬಹುದೆಂಬುದನ್ನು ಮರೆಯಬೇಡಿ. ನಿಯತಕಾಲಿಕಗಳ ವಿಷಯದಲ್ಲಿ ಇಂಥ ಭಯ ಸಾಮಾನ್ಯವಾಗಿ ಬೇಕಿಲ್ಲ. ಮೇಲೆ ಹೇಳಿದ ಸಂಪಾದಕರ ಸಮಿತಿಯೇ ಸಮ್ಮೇಳನದ ಸಾರಾಂಶವನ್ನಾಗಲಿ ಪೋಸ್ಟರನ್ನಾಗಲಿ ಪೂರ್ವಪ್ರಕಟಣೆ ಎಂದು ಪರಿಗಣಿಸುವುದಿಲ್ಲ.

ಮೂರನೇ ಹಂತ: ಬರವಣಿಗೆಯನ್ನು ಫಲಿತಾಂಶದಿಂದ ಆರಂಭಿಸುವುದು

ಓದುವವರಿಗೆ ಸಾರಾಂಶ ಹಿನ್ನೆಲೆಯಿಂದ ಆರಂಭವಾಗುತ್ತದೆ. ಬರೆಯುವವರೂ ಅಲ್ಲಿಂದಲೇ ಹೊರಟರೆ ಅರ್ಧದಷ್ಟು ಪದಗಳು ಹಿನ್ನೆಲೆಗೇ ಖರ್ಚಾಗಿ, ಫಲಿತಾಂಶಕ್ಕೆ ಎರಡು ಸಾಲು ಉಳಿಯುತ್ತವೆ. ಮೊದಲು ಒಂದೇ ವಾಕ್ಯ ಬರೆಯಿರಿ: ನಾವು ಏನನ್ನು ಕಂಡುಕೊಂಡೆವು, ಎಷ್ಟರ ಮಟ್ಟಿಗೆ? ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಸಾರಾಂಶ ಬಹುತೇಕ ಇಂಗ್ಲಿಷಿನಲ್ಲಿರಬೇಕಾಗುತ್ತದೆ; ಆದರೂ ಈ ಮೊದಲ ವಾಕ್ಯವನ್ನು ಕನ್ನಡದಲ್ಲಿ, ನಿಮ್ಮ ಕ್ಷೇತ್ರದವರಲ್ಲದ ಗೆಳೆಯರೊಬ್ಬರಿಗೆ ಬಾಯಲ್ಲಿ ಹೇಳಿ ನೋಡುವುದು ನಾನು ಕಂಡಂತೆ ಒಳ್ಳೆಯ ಪರೀಕ್ಷೆ. ಪಾರಿಭಾಷಿಕ ಪದಗಳ ಆಸರೆಯಿಲ್ಲದೆ ಹೇಳಲು ಹೊರಟಾಗ, ಹೇಳಲು ನಿಜವಾಗಿ ಏನಿದೆ ಎಂಬುದು ಗೊತ್ತಾಗುತ್ತದೆ.

ಒಂದು ಕಲ್ಪಿತ ಅಧ್ಯಯನವನ್ನು ಹಿಡಿದು ಮುಂದುವರಿಯೋಣ. ಗೋಧಿ ಬೀಜಗಳನ್ನು ಬಿತ್ತುವ ಮೊದಲು ನೀರಿನಲ್ಲಿ ನೆನೆಸಿ ಮತ್ತೆ ಒಣಗಿಸಿದರೆ ಉಪ್ಪಿನ ಪರಿಸರದಲ್ಲಿ ಮೊಳಕೆ ಸುಧಾರಿಸುತ್ತದೆಯೇ ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳಿ. ಮೊದಲ ಕರಡಿನಲ್ಲಿ ವಿದ್ಯಾರ್ಥಿ ಹೀಗೆ ಬರೆಯುತ್ತಾರೆ: 'ನೆನೆಸಿದ ಬೀಜಗಳಲ್ಲಿ ಮೊಳಕೆಯೊಡೆಯುವಿಕೆ ಗಣನೀಯವಾಗಿ ಹೆಚ್ಚಿತ್ತು.' ಎಷ್ಟು ಹೆಚ್ಚು, ಯಾವುದಕ್ಕೆ ಹೋಲಿಸಿದರೆ, ಎಷ್ಟು ಬೀಜಗಳಲ್ಲಿ ಎಂಬ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿಲ್ಲ. ತಿದ್ದಿದ ವಾಕ್ಯ ಹೀಗಿರಬಹುದು: '150 ಮಿಲಿಮೋಲಾರ್ ಉಪ್ಪಿನ ದ್ರಾವಣದಲ್ಲಿ, ನೆನೆಸದ ಬೀಜಗಳಲ್ಲಿ ಶೇ. 62ರಷ್ಟು ಮೊಳಕೆಯೊಡೆದರೆ, 12 ಗಂಟೆ ನೆನೆಸಿ ಒಣಗಿಸಿದ ಬೀಜಗಳಲ್ಲಿ ಶೇ. 79ರಷ್ಟು ಮೊಳಕೆಯೊಡೆದವು, ವ್ಯತ್ಯಾಸ 17 ಶೇಕಡಾ ಅಂಶಗಳು, ಶೇ. 95ರ ವಿಶ್ವಾಸಾಂತರ 10ರಿಂದ 24.' ವಿಶ್ವಾಸಾಂತರವೆಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ. ವಾಕ್ಯ ಉದ್ದವಾಯಿತು, ನಿಜ. ಆದರೆ ಈಗ ಅದನ್ನು ಓದಿದವರು ಅಧ್ಯಯನವನ್ನು ಒಪ್ಪಬಹುದು ಅಥವಾ ಪ್ರಶ್ನಿಸಬಹುದು. ಮೊದಲಿನ ವಾಕ್ಯದ ಎದುರು ಎರಡೂ ಸಾಧ್ಯವಿರಲಿಲ್ಲ.

ಈ ಒಂದು ವಾಕ್ಯದಲ್ಲೇ ಹಲವರು ಎಡವುವ ಜಾಗಗಳಿವೆ. ಶೇ. 62ರಿಂದ 79ಕ್ಕೆ ಏರಿದ್ದನ್ನು 'ಶೇ. 17ರಷ್ಟು ಏರಿಕೆ' ಎಂದು ಬರೆಯುವುದು ತಪ್ಪು. ಅದು 17 ಶೇಕಡಾ ಅಂಶಗಳ ಏರಿಕೆ. ಮೂಲ ಪ್ರಮಾಣಕ್ಕೆ ಹೋಲಿಸಿದರೆ ಸುಮಾರು ಶೇ. 27ರ ಏರಿಕೆ. ಎರಡೂ ಸಂಖ್ಯೆಗಳು ನಿಜವೇ, ಆದರೆ 62 ಮತ್ತು 79 ಎಂಬ ಎರಡೂ ಪ್ರಮಾಣಗಳನ್ನು ಕೊಟ್ಟುಬಿಟ್ಟರೆ ಓದುಗರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ, ನಿಮ್ಮ ಮೇಲೆ ಉತ್ಪ್ರೇಕ್ಷೆಯ ಆರೋಪವೂ ಬರುವುದಿಲ್ಲ. ಎರಡನೆಯದು ಪಿ ಮೌಲ್ಯ, ಎಂದರೆ ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವನೀಯತೆ. 'ಪಿ ಮೌಲ್ಯ 0.05ಕ್ಕಿಂತ ಕಡಿಮೆ' ಎಂದು ಬರೆದು ವ್ಯತ್ಯಾಸದ ಗಾತ್ರವನ್ನೇ ಬಿಟ್ಟಿರುವ ಸಾರಾಂಶಗಳು ಅಸಂಖ್ಯ. ಆ ಮೌಲ್ಯ ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳುವುದಿಲ್ಲ. ಸಾವಿರಾರು ಮಾದರಿಗಳಿದ್ದರೆ ಅತಿ ಕ್ಷುಲ್ಲಕ ವ್ಯತ್ಯಾಸಕ್ಕೂ ಅದು ಚಿಕ್ಕದಾಗುತ್ತದೆ. ಜಾಗ ಒಂದಕ್ಕೇ ಇದ್ದರೆ ನಾನು ವಿಶ್ವಾಸಾಂತರವನ್ನು ಉಳಿಸಿಕೊಂಡು ಪಿ ಮೌಲ್ಯವನ್ನು ಕೈಬಿಡುತ್ತೇನೆ.

ಮೂರನೆಯದು ಇನ್ನೂ ಸೂಕ್ಷ್ಮ. ನಮ್ಮ ಕಲ್ಪಿತ ಪ್ರಯೋಗದಲ್ಲಿ ಪ್ರತಿ ಗುಂಪಿಗೆ 8 ಪೆಟ್ರಿ ತಟ್ಟೆಗಳು, ಒಂದೊಂದರಲ್ಲಿ 50 ಬೀಜಗಳು. ಹಾಗಾದರೆ ಮಾದರಿಯ ಗಾತ್ರ 400ವೋ 8ವೋ? ಒಂದೇ ತಟ್ಟೆಯ ಬೀಜಗಳು ಒಂದೇ ದ್ರಾವಣವನ್ನೂ ಒಂದೇ ತೇವವನ್ನೂ ಹಂಚಿಕೊಳ್ಳುವುದರಿಂದ ಅವು ಒಂದರಿಂದೊಂದು ಸ್ವತಂತ್ರವಲ್ಲ; ಲೆಕ್ಕದಲ್ಲಿ ಏಕಮಾನವಾಗಬೇಕಾದದ್ದು ತಟ್ಟೆ. ಇಲಿಗಳ ಪಂಜರ, ಶಾಲೆಯ ತರಗತಿ, ಒಬ್ಬನೇ ರೋಗಿಯ ಎರಡು ಕಣ್ಣುಗಳು, ಹೊಲದ ಒಂದೇ ಮಡಿಯ ಗಿಡಗಳು, ಎಲ್ಲದರಲ್ಲೂ ಇದೇ ಪ್ರಶ್ನೆ ಏಳುತ್ತದೆ. ಅನುಭವಿ ಪರಿಶೀಲಕರ ಕಣ್ಣು ಮೊದಲು ಹೋಗುವುದು ಇಲ್ಲಿಗೇ, ಆದ್ದರಿಂದ '50 ಬೀಜಗಳ 8 ತಟ್ಟೆಗಳು' ಎಂದು ಸ್ಪಷ್ಟವಾಗಿ ಬರೆಯಿರಿ.

ಫಲಿತಾಂಶ ನಿಂತ ಮೇಲೆ ವಿಧಾನ ಬರೆಯುವುದು ಸುಲಭ. ಆ ಫಲಿತಾಂಶವನ್ನು ನಂಬಲು ಓದುಗರಿಗೆ ಏನು ಗೊತ್ತಿರಬೇಕೋ ಅಷ್ಟೇ ವಿಧಾನ ಸಾಕು: ಅಧ್ಯಯನದ ಬಗೆ, ಯಾರು ಅಥವಾ ಯಾವುದು ಅಧ್ಯಯನಕ್ಕೊಳಗಾಯಿತು, ಗುಂಪುಗಳನ್ನು ಹೇಗೆ ಹಂಚಲಾಯಿತು, ಏನನ್ನು ಯಾವಾಗ ಅಳೆಯಲಾಯಿತು, ಯಾವ ವಿಶ್ಲೇಷಣೆ. ಕೇಂದ್ರಾಪಗಾಮಿ ಯಂತ್ರದ ಮಾದರಿ ಸಂಖ್ಯೆ, ತಂತ್ರಾಂಶದ ಆವೃತ್ತಿ ಮೊದಲಾದವು ಪೋಸ್ಟರಿಗೆ ಉಳಿಯಲಿ. ಯಾದೃಚ್ಛಿಕ ಹಂಚಿಕೆಯ ಚಿಕಿತ್ಸಾ ಪ್ರಯೋಗಗಳ ಸಾರಾಂಶಗಳಿಗೆಂದೇ 2008ರಲ್ಲಿ ಕನ್ಸಾರ್ಟ್ ಮಾರ್ಗಸೂಚಿಯ ವಿಸ್ತರಣೆಯೊಂದು ಬಂದಿದೆ, ವ್ಯವಸ್ಥಿತ ವಿಮರ್ಶೆಗಳ ಸಾರಾಂಶಗಳಿಗೆ 2013ರಲ್ಲಿ ಪ್ರಿಸ್ಮಾ ಎಂಬ ಮಾರ್ಗಸೂಚಿಯ ವಿಸ್ತರಣೆ ಬಂದಿತ್ತು, ಅದರ ಪರಿಷ್ಕೃತ ಪಟ್ಟಿ ಪ್ರಿಸ್ಮಾ 2020ರಲ್ಲಿದೆ. ನಿಮ್ಮ ಅಧ್ಯಯನ ಈ ಬಗೆಯದಾಗಿದ್ದರೆ ಆ ಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯಿರಿ. ನೋಂದಣಿ ಸಂಖ್ಯೆಯಂಥ ಸಣ್ಣ ಸಂಗತಿಗಳು ಬಿಟ್ಟುಹೋಗುವುದಿಲ್ಲ.

ಹಿನ್ನೆಲೆಗೆ ಎರಡು ವಾಕ್ಯಗಳು ಸಾಕು: ಈಗ ಗೊತ್ತಿರುವುದೇನು, ಗೊತ್ತಿಲ್ಲದಿರುವುದೇನು. ಆ ಗೊತ್ತಿಲ್ಲದ ಜಾಗದಿಂದಲೇ ಉದ್ದೇಶದ ವಾಕ್ಯ ಹೊರಡಬೇಕು. 'ಗೋಧಿ ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲೊಂದು' ಎಂದು ಗೋಧಿ ವಿಜ್ಞಾನಿಗಳ ಸಭೆಯಲ್ಲಿ ಹೇಳಬೇಕಾದ ಅಗತ್ಯವಿಲ್ಲ. ತೀರ್ಮಾನವೂ ಅಷ್ಟೇ ಸಂಯಮದ್ದಾಗಿರಲಿ. ಒಂದು ತಳಿಯ ಮೇಲೆ ಪ್ರಯೋಗಾಲಯದಲ್ಲಿ ನಡೆದ ಏಳು ದಿನಗಳ ಪ್ರಯೋಗದಿಂದ ರೈತರ ಹೊಲದ ಇಳುವರಿಗೆ ಹಾರುವುದು, ಅಥವಾ ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದವೆಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತೆನ್ನುವುದು ಪರಿಶೀಲಕರ ಅಂಕಗಳನ್ನು ಕಳೆಯುತ್ತದೆ. 'ಹೆಚ್ಚಿನ ಸಂಶೋಧನೆಯ ಅಗತ್ಯವಿದೆ' ಎಂಬುದು ಯಾವ ಅಧ್ಯಯನಕ್ಕೂ ಹೊಂದುವ ಮಾತಾದ್ದರಿಂದ ಯಾವುದಕ್ಕೂ ಬೇಡ. ಮುಂದೆ ಯಾವ ಪ್ರಯೋಗ ಆಗಬೇಕೆಂದು ಹೇಳುವುದಾದರೆ ಹೇಳಿ.

ಇಷ್ಟನ್ನೂ ಕೂಡಿಸಿದಾಗ ನಮ್ಮ ಕಲ್ಪಿತ ಸಾರಾಂಶ ಹೀಗೆ ಕಾಣುತ್ತದೆ:

'ಮಣ್ಣಿನ ಲವಣಾಂಶ ಗೋಧಿಯ ಮೊಳಕೆಯೊಡೆಯುವಿಕೆಯನ್ನು ಕುಗ್ಗಿಸುತ್ತದೆ. ಬಿತ್ತನೆಗೆ ಮುನ್ನ ಬೀಜಗಳನ್ನು ರಾಸಾಯನಿಕಗಳಲ್ಲಿ ನೆನೆಸಿದ ಅಧ್ಯಯನಗಳಿವೆಯಾದರೂ, ಈ ತಳಿಯಲ್ಲಿ ಬರಿಯ ನೀರಿನ ಪರಿಣಾಮವನ್ನು ಪರೀಕ್ಷಿಸಿರಲಿಲ್ಲ. ನೀರಿನಲ್ಲಿ 12 ಗಂಟೆ ನೆನೆಸಿ 24 ಗಂಟೆ ಒಣಗಿಸುವುದರಿಂದ ಲವಣದ ಒತ್ತಡದಲ್ಲಿ ಮೊಳಕೆಯ ಪ್ರಮಾಣ ಹೆಚ್ಚುತ್ತದೆಯೇ ಎಂದು ನೋಡುವುದು ನಮ್ಮ ಉದ್ದೇಶ. ಒಂದೇ ತಳಿಯ 1,600 ಬೀಜಗಳನ್ನು 50ರಂತೆ 32 ತಟ್ಟೆಗಳಲ್ಲಿ ಹಾಕಿ, ನೆನೆಸಿದ ಮತ್ತು ನೆನೆಸದ ಬೀಜಗಳ ತಲಾ 8 ತಟ್ಟೆಗಳನ್ನು ಶುದ್ಧ ನೀರಿಗೂ ತಲಾ 8 ತಟ್ಟೆಗಳನ್ನು 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೂ ಯಾದೃಚ್ಛಿಕವಾಗಿ ಹಂಚಿ, 7ನೇ ದಿನ ಮೊಳಕೆಗಳನ್ನು ಎಣಿಸಲಾಯಿತು. ಎಣಿಸಿದವರಿಗೆ ಗುಂಪುಗಳ ಗುರುತು ತಿಳಿದಿರಲಿಲ್ಲ. ವಿಶ್ಲೇಷಣೆಯ ಏಕಮಾನ ತಟ್ಟೆ. ಶುದ್ಧ ನೀರಿನಲ್ಲಿ ಎರಡೂ ಬಗೆಯ ಬೀಜಗಳು ಬಹುತೇಕ ಸಮಾನವಾಗಿ ಮೊಳೆತವು, ನೆನೆಸದವುಗಳಲ್ಲಿ ಶೇ. 95, ನೆನೆಸಿದವುಗಳಲ್ಲಿ ಶೇ. 96. ಲವಣದ್ರಾವಣದಲ್ಲಿ ನೆನೆಸದ ಬೀಜಗಳಲ್ಲಿ ಶೇ. 62, ನೆನೆಸಿದವುಗಳಲ್ಲಿ ಶೇ. 79 ಮೊಳೆತವು, ವ್ಯತ್ಯಾಸ 17 ಶೇಕಡಾ ಅಂಶಗಳು, ಶೇ. 95ರ ವಿಶ್ವಾಸಾಂತರ 10ರಿಂದ 24. ಪ್ರಯೋಗಾಲಯದಲ್ಲಿ, ಈ ತಳಿಯಲ್ಲಿ, ನೀರಿನಲ್ಲಿ ನೆನೆಸಿ ಒಣಗಿಸುವುದು ಲವಣದಿಂದಾಗುವ ನಷ್ಟದ ಅರ್ಧದಷ್ಟನ್ನು ತಗ್ಗಿಸಿತು. ಬೇರೆ ತಳಿಗಳಲ್ಲಿ, ಲವಣಯುಕ್ತ ಮಣ್ಣಿನಲ್ಲಿ ಇದನ್ನು ಪರೀಕ್ಷಿಸಬೇಕಿದೆ.'

ಓದುಗರು ಗಮನಿಸಿರಬಹುದು, ಶುದ್ಧ ನೀರಿನ ಸಂಖ್ಯೆಗಳಿಲ್ಲದಿದ್ದರೆ ಕೊನೆಯ ತೀರ್ಮಾನಕ್ಕೆ ಆಧಾರವೇ ಇರುತ್ತಿರಲಿಲ್ಲ: ನಷ್ಟ 33 ಅಂಶಗಳಿದ್ದದ್ದು 17ಕ್ಕೆ ಇಳಿಯಿತೆಂದು ಗೊತ್ತಾಗುವುದು ಅವುಗಳಿಂದಲೇ. ತೀರ್ಮಾನದ ಪ್ರತಿ ಪದಕ್ಕೂ ಫಲಿತಾಂಶದಲ್ಲೊಂದು ಸಂಖ್ಯೆ ಇದೆಯೇ ಎಂದು ಬೆರಳಿಟ್ಟು ಹುಡುಕುವುದು ಕರಡನ್ನು ಪರೀಕ್ಷಿಸುವ ಸರಳ ವಿಧಾನ.

ನಾಲ್ಕನೇ ಹಂತ: ಶೀರ್ಷಿಕೆ

ಸಮ್ಮೇಳನದ ಪುಸ್ತಿಕೆ ಹಿಡಿದವರು ಸಾರಾಂಶಗಳನ್ನು ಓದುವ ಮೊದಲು ಶೀರ್ಷಿಕೆಗಳ ಮೇಲೆ ಕಣ್ಣು ಹಾಯಿಸುತ್ತಾರೆ; ಆದ್ದರಿಂದ ಶೀರ್ಷಿಕೆಯನ್ನು ಕೊನೆಗೆ, ಸಾರಾಂಶ ಗಟ್ಟಿಯಾದ ಮೇಲೆ ಬರೆಯಬೇಕು. 'ಲವಣದ ಒತ್ತಡದಲ್ಲಿ ಗೋಧಿಯ ಮೊಳಕೆಯೊಡೆಯುವಿಕೆಯ ಕುರಿತು ಒಂದು ಅಧ್ಯಯನ' ಎಂಬುದು ವಿಷಯವನ್ನು ಮಾತ್ರ ಹೇಳುತ್ತದೆ. 'ನೀರಿನಲ್ಲಿ ನೆನೆಸಿ ಒಣಗಿಸಿದ ಗೋಧಿ ಬೀಜಗಳು ಲವಣದ್ರಾವಣದಲ್ಲಿ ಹೆಚ್ಚು ಮೊಳೆಯುತ್ತವೆ' ಎಂಬುದು ಫಲಿತಾಂಶವನ್ನೇ ಹೇಳುತ್ತದೆ, ಪೋಸ್ಟರಿನ ಮುಂದೆ ಹಾದುಹೋಗುವವರನ್ನು ನಿಲ್ಲಿಸುತ್ತದೆ. ಫಲಿತಾಂಶ ಅಷ್ಟು ಖಚಿತವಿಲ್ಲದಾಗ ಮಾತ್ರ ಮೊದಲ ಬಗೆಗೆ ಮರಳಿ. ಚಿಕಿತ್ಸಾ ಪ್ರಯೋಗಗಳಲ್ಲಿ ಅಧ್ಯಯನದ ಬಗೆಯನ್ನು ಶೀರ್ಷಿಕೆಯಲ್ಲೇ ಹೇಳುವುದು ರೂಢಿ. ಸಂಕ್ಷೇಪಾಕ್ಷರಗಳನ್ನು ಶೀರ್ಷಿಕೆಯಿಂದ ದೂರವಿಡಿ. ಶ್ಲೇಷೆಯನ್ನೂ ಸಹ, ಅದು ಎಷ್ಟೇ ಚೆನ್ನಾಗಿದ್ದರೂ.

ಐದನೇ ಹಂತ: ಮಿತಿಗೆ ಇಳಿಸುವುದು

ಮೊದಲ ಕರಡು ಮಿತಿಗಿಂತ ಮೂರನೇ ಒಂದರಷ್ಟು ಹೆಚ್ಚಿದ್ದರೆ ಗಾಬರಿ ಬೇಡ. ಮೊದಲು ಹಿನ್ನೆಲೆಯಿಂದ ಕತ್ತರಿಸಿ, ನಂತರ ವಿಧಾನದಿಂದ, ಫಲಿತಾಂಶದ ಸಂಖ್ಯೆಗಳನ್ನು ಕೊನೆಯವರೆಗೂ ಕಾಪಾಡಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ನಮ್ಮಲ್ಲಿ ಅನೇಕರು ಕರ್ಮಣಿ ಪ್ರಯೋಗವನ್ನೇ ವಿಜ್ಞಾನದ ಭಾಷೆಯೆಂದು ನಂಬಿ ಪ್ರತಿ ವಾಕ್ಯವನ್ನೂ ಉದ್ದ ಮಾಡುತ್ತಾರೆ. 'ನಾವು ಅಳೆದೆವು' ಎಂಬ ನೇರ ರೂಪವನ್ನು ಬಹಳಷ್ಟು ಸಮ್ಮೇಳನಗಳು ಒಪ್ಪುತ್ತವೆ, ಅದರಿಂದ ಪದಗಳೂ ಉಳಿಯುತ್ತವೆ. ಒಂದೋ ಎರಡೋ ಬಾರಿ ಮಾತ್ರ ಬರುವ ಪದಕ್ಕೆ ಸಂಕ್ಷೇಪಾಕ್ಷರ ಕಟ್ಟಬೇಡಿ. ಉಲ್ಲೇಖಗಳನ್ನು ಹೆಚ್ಚಿನ ಸಮ್ಮೇಳನಗಳು ಬಯಸುವುದಿಲ್ಲ.

ಇನ್ನೂ ಇಳಿಯದಿದ್ದರೆ ತೊಂದರೆ ಪದಗಳದ್ದಲ್ಲ, ಸಾರಾಂಶದಲ್ಲಿ ಎರಡು ಅಧ್ಯಯನಗಳಿವೆ ಎಂದರ್ಥ. ಒಂದನ್ನು ಇನ್ನೊಂದು ಸಮ್ಮೇಳನಕ್ಕೆ ಉಳಿಸಿಕೊಳ್ಳಿ.

ಆರನೇ ಹಂತ: ಸಹಲೇಖಕರಿಗೆ ಕಳುಹಿಸುವುದು

ಗಡುವಿಗೆ ಕನಿಷ್ಠ ಹತ್ತು ದಿನ ಇರುವಾಗ ಕರಡನ್ನು ಎಲ್ಲ ಸಹಲೇಖಕರಿಗೂ ಕಳುಹಿಸಿ, ಇಂಥ ದಿನದೊಳಗೆ ಉತ್ತರ ಬೇಕೆಂದು ವಿನಯದಿಂದ, ಆದರೆ ದಿನಾಂಕ ನಮೂದಿಸಿ ಕೇಳಿ. ಉತ್ತರಿಸದ ಸಹಲೇಖಕರ ಮೌನವನ್ನು ಒಪ್ಪಿಗೆಯೆಂದು ಭಾವಿಸುವಂತಿಲ್ಲ. ಸಲ್ಲಿಸುವ ಪುಟದಲ್ಲಿ 'ಎಲ್ಲ ಲೇಖಕರೂ ಒಪ್ಪಿದ್ದಾರೆ' ಎಂಬ ಹೇಳಿಕೆಯ ಪಕ್ಕ ಗುರುತು ಹಾಕುವವರು ನೀವು. ಮಾರ್ಗದರ್ಶಕರಿಗೆ ಕಳುಹಿಸುವಾಗ ಬರಿಯ ಕರಡಿನ ಜೊತೆಗೆ ನಿಯಮಗಳ ಆ ಒಂದು ಹಾಳೆಯನ್ನೂ ಲಗತ್ತಿಸಿ, ಇಲ್ಲವಾದರೆ ಅವರು 250 ಪದಗಳ ಕರಡಿಗೆ 100 ಪದಗಳ ಸೇರ್ಪಡೆಯನ್ನು ಸೂಚಿಸಿ ಹಿಂತಿರುಗಿಸುತ್ತಾರೆ. ಸಂಖ್ಯೆಗಳನ್ನು ಕರಡಿನಿಂದ ಕರಡಿಗೆ ನಕಲು ಮಾಡದೆ ಮೂಲ ವಿಶ್ಲೇಷಣೆಯ ಕಡತದೊಂದಿಗೆ ಮತ್ತೊಮ್ಮೆ ತಾಳೆ ನೋಡುವ ಕೆಲಸವನ್ನು ನೀವಲ್ಲದ ಇನ್ನೊಬ್ಬರಿಗೆ ಒಪ್ಪಿಸಿ.

ಮನುಷ್ಯರ ಅಥವಾ ಪ್ರಾಣಿಗಳ ಮೇಲಿನ ಅಧ್ಯಯನವಾಗಿದ್ದರೆ ನೈತಿಕ ಸಮಿತಿಯ ಅನುಮೋದನೆಯ ಸಂಖ್ಯೆ ಕೈಯಲ್ಲಿರಲಿ. ಭಾಷೆ ತಿದ್ದಲು ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಿದ್ದರೆ ಅದನ್ನು ತಿಳಿಸಬೇಕೆಂಬ ನಿಯಮ ಇದೆಯೇ ನೋಡಿ. ಅಂಥ ಸಾಧನವನ್ನು ಲೇಖಕರ ಪಟ್ಟಿಯಲ್ಲಿ ಸೇರಿಸುವಂತಿಲ್ಲ, ಏಕೆಂದರೆ ಹೊಣೆ ಹೊರುವುದು ಅದರಿಂದಾಗದು.

ಏಳನೇ ಹಂತ: ಸಲ್ಲಿಕೆಯ ಪುಟದಲ್ಲಿ

ಖಾತೆಯನ್ನು ಮೊದಲೇ ತೆರೆದು, ಅಲ್ಲಿ ಏನೇನು ಕೇಳುತ್ತಾರೆಂದು ಒಮ್ಮೆ ಖಾಲಿ ಪುಟಗಳಲ್ಲೇ ಕೊನೆಯವರೆಗೆ ಹೋಗಿ ನೋಡಿ ಬನ್ನಿ. ಪ್ರತಿ ಸಹಲೇಖಕರ ಪೂರ್ಣ ಹೆಸರು, ಸಂಸ್ಥೆ, ಮಿಂಚಂಚೆ, ಹಿತಾಸಕ್ತಿ ಸಂಘರ್ಷದ ವಿವರ ಬೇಕಾಗುತ್ತದೆ. ಕೆಲವೆಡೆ ಆರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆಯನ್ನೂ ಕೇಳುತ್ತಾರೆ. ಅದನ್ನು ಉಚಿತವಾಗಿ ಪಡೆಯಬಹುದು. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಒಂದೇ ಅಕ್ಷರವಾಗಿ ಇಟ್ಟುಕೊಂಡವರು 'ಕೊನೆಯ ಹೆಸರು' ಎಂಬ ಖಾನೆಯ ಮುಂದೆ ತಡವರಿಸುವುದುಂಟು. ಏನು ಬರೆದರೂ ಸರಿ, ಹಿಂದಿನ ಪ್ರಕಟಣೆಗಳಲ್ಲಿರುವ ರೂಪವನ್ನೇ ಬರೆಯಿರಿ, ಇಲ್ಲವಾದರೆ ಒಬ್ಬರೇ ವ್ಯಕ್ತಿ ಸೂಚಿಗಳಲ್ಲಿ ಇಬ್ಬರಾಗುತ್ತಾರೆ.

ಸಾರಾಂಶವನ್ನು ಪದಸಂಸ್ಕಾರಕದಿಂದ ನೇರವಾಗಿ ಅಂಟಿಸಿದಾಗ ವಿಶೇಷ ಚಿಹ್ನೆಗಳು ಕೆಡುತ್ತವೆ. ಹೆಚ್ಚು-ಕಡಿಮೆ ಚಿಹ್ನೆ ಪ್ರಶ್ನಾರ್ಥಕವಾಗುತ್ತದೆ, ಹತ್ತರ ಆರನೇ ಘಾತ ನೂರಾ ಆರು ಆಗುತ್ತದೆ. ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಸಿಂಬಲ್ ಎಂಬ ಹಳೆಯ ಅಕ್ಷರಶೈಲಿಯಲ್ಲಿ ಬರೆದ, ಮೈಕ್ರೋ ಎಂಬುದನ್ನು ಸೂಚಿಸುವ ಗ್ರೀಕಿನ ಮ್ಯೂ ಅಕ್ಷರ: ಆ ಶೈಲಿ ಕಳಚಿದ ಕೂಡಲೇ ಅದು ಇಂಗ್ಲಿಷಿನ ಎಂ ಆಗುತ್ತದೆ, ಮೈಕ್ರೋಗ್ರಾಂ ಸದ್ದಿಲ್ಲದೆ ಮಿಲಿಗ್ರಾಂ ಆಗುತ್ತದೆ. ಪ್ರಮಾಣ ಸಾವಿರ ಪಟ್ಟು ಹೆಚ್ಚಾದರೂ ಕಣ್ಣಿಗೆ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ಮೊದಲು ಸರಳ ಪಠ್ಯವಾಗಿ ಉಳಿಸಿ, ಅದನ್ನು ಅಂಟಿಸಿ, ಚಿಹ್ನೆಗಳನ್ನು ಪುಟದಲ್ಲಿಯೇ ಕೈಯಾರೆ ಸೇರಿಸಿ, ಮುನ್ನೋಟದ ಪ್ರತಿಯನ್ನು ಅಚ್ಚು ಹಾಕಿ ಕಾಗದದ ಮೇಲೆ ಓದಿ.

ವಿಷಯ ವಿಭಾಗದ ಆಯ್ಕೆಯನ್ನು ಹಗುರವಾಗಿ ಕಾಣಬಾರದು. ಯಾರು ನಿಮ್ಮ ಸಾರಾಂಶವನ್ನು ಪರಿಶೀಲಿಸುತ್ತಾರೆ, ಸಭಾಂಗಣದಲ್ಲಿ ಯಾರ ಪಕ್ಕದಲ್ಲಿ ನಿಮ್ಮ ಪೋಸ್ಟರ್ ನಿಲ್ಲುತ್ತದೆ ಎಂಬುದನ್ನು ಅದು ನಿರ್ಧರಿಸುತ್ತದೆ. ಹಿಂದಿನ ವರ್ಷದ ಪುಸ್ತಿಕೆಯಲ್ಲಿ ನಿಮ್ಮಂಥ ಕೆಲಸಗಳು ಯಾವ ವಿಭಾಗದಲ್ಲಿದ್ದವೆಂದು ನೋಡಿ ಆರಿಸಿ. ಮಂಡನೆಯ ಬಗೆ ಕೇಳುವಲ್ಲಿ ಪೋಸ್ಟರ್ ಮಾತ್ರ, ಭಾಷಣ ಮಾತ್ರ, ಎರಡರಲ್ಲಿ ಯಾವುದಾದರೂ ಎಂಬ ಆಯ್ಕೆಗಳಿದ್ದರೆ, ಭಾಷಣಕ್ಕೂ ಸಿದ್ಧರಿರುವವರು ಮೂರನೆಯದನ್ನು ಆರಿಸುವುದು ಜಾಣತನ. 'ಭಾಷಣ ಮಾತ್ರ' ಎಂದವರು ಪೋಸ್ಟರಿನ ಅವಕಾಶವನ್ನೂ ಕಳೆದುಕೊಳ್ಳಬಹುದು.

ಕೊನೆಯದಾಗಿ, ಉಳಿಸುವುದೂ ಸಲ್ಲಿಸುವುದೂ ಒಂದೇ ಅಲ್ಲ. ಕರಡಾಗಿ ಉಳಿಸಿಬಿಟ್ಟು ಸಲ್ಲಿಸಿದೆನೆಂದು ನೆಮ್ಮದಿಯಿಂದ ಮಲಗಿದವರಲ್ಲಿ ನಾನೂ ಒಬ್ಬ. ಶುಲ್ಕ ಕಟ್ಟುವ ಪುಟ ಇನ್ನೂ ಬಾಕಿಯಿತ್ತೆಂದು ತಿಳಿದದ್ದು ಗಡುವು ಕಳೆದ ಮೇಲೆ. ಸ್ಥಿತಿ 'ಸಲ್ಲಿಸಲಾಗಿದೆ' ಎಂದು ಬದಲಾಗಿದೆಯೇ, ಸಾರಾಂಶದ ಸಂಖ್ಯೆಯಿರುವ ದೃಢೀಕರಣದ ಮಿಂಚಂಚೆ ಬಂದಿದೆಯೇ ಎಂದು ನೋಡುವವರೆಗೆ ಕಿಟಕಿ ಮುಚ್ಚಬೇಡಿ. ಸಲ್ಲಿಸಿದ ರೂಪದ ಪಿಡಿಎಫ್ ಪ್ರತಿಯನ್ನು ಎಲ್ಲ ಸಹಲೇಖಕರಿಗೂ ಕಳುಹಿಸಿ.

ಎಂಟನೇ ಹಂತ: ನಿರ್ಣಯ ಬಂದ ಮೇಲೆ

ಸ್ವೀಕೃತಿ ಪತ್ರದಲ್ಲಿ ಸಾಮಾನ್ಯವಾಗಿ ಮೂರು ಗಡುವುಗಳಿರುತ್ತವೆ: ಮಂಡಿಸುವುದಾಗಿ ಖಚಿತಪಡಿಸಲು, ನೋಂದಣಿ ಶುಲ್ಕ ಕಟ್ಟಲು, ವಿದ್ಯುನ್ಮಾನ ಪೋಸ್ಟರ್ ಇದ್ದರೆ ಅದನ್ನು ಸೇರಿಸಲು. ವೀಸಾ ಬೇಕಿದ್ದವರು ಆಹ್ವಾನ ಪತ್ರವನ್ನು ಅದೇ ದಿನ ಕೇಳಬೇಕು. ಪ್ರವಾಸ ಸಹಾಯಧನದ ಅರ್ಜಿ ಹಲವೆಡೆ ಸಾರಾಂಶದ ಸಲ್ಲಿಕೆಯ ಜೊತೆಯಲ್ಲೇ ಮುಗಿದುಹೋಗಿರುತ್ತದೆ, ಹಾಗಾಗಿ ಅದನ್ನು ಮೊದಲ ಹಂತದ ಹಾಳೆಯಲ್ಲೇ ಬರೆದಿಟ್ಟಿರಬೇಕು. ಪೋಸ್ಟರಿನ ಗಾತ್ರ ಎ0 ಎಂದರೆ 841 ಮಿಲಿಮೀಟರ್ ಅಗಲ, 1,189 ಮಿಲಿಮೀಟರ್ ಎತ್ತರ. ನಿಂತ ವಿನ್ಯಾಸವೋ ಅಡ್ಡ ವಿನ್ಯಾಸವೋ ಎಂದು ನೋಡದೆ ಅಚ್ಚು ಹಾಕಿಸಿದರೆ ಫಲಕದ ಎರಡೂ ಬದಿ ಹೊರಚಾಚಿಕೊಂಡಿರುವ ಪೋಸ್ಟರಿನ ಪಕ್ಕ ನಿಲ್ಲಬೇಕಾಗುತ್ತದೆ. ಹೋಗಲಾಗದಿದ್ದರೆ ಸಹಲೇಖಕರೊಬ್ಬರನ್ನು ಕಳುಹಿಸಿ, ಅದೂ ಆಗದಿದ್ದರೆ ನಿಗದಿತ ದಿನದೊಳಗೆ ಸಾರಾಂಶವನ್ನು ಹಿಂಪಡೆಯಿರಿ. ಹೇಳದೆ ಗೈರಾದವರನ್ನು ಕೆಲವು ಸಂಘಟಕರು ಮುಂದಿನ ವರ್ಷ ದೂರವಿಡುತ್ತಾರೆ.

ತಿರಸ್ಕೃತವಾದರೆ ಪರಿಶೀಲಕರ ಟಿಪ್ಪಣಿ ಸಿಗುವುದೇ ಅಪರೂಪ. ಸಿಕ್ಕರೆ ಅದನ್ನು ತಿದ್ದುಪಡಿಗೆ ಬಳಸಿ; ಸಿಗದಿದ್ದರೆ ವಿಭಾಗ ಹೊಂದಿಕೆಯಾಗಿತ್ತೇ, ಫಲಿತಾಂಶದಲ್ಲಿ ಸಂಖ್ಯೆಗಳಿದ್ದವೇ ಎಂಬ ಎರಡನ್ನು ಮೊದಲು ನೋಡಿ, ಇನ್ನೊಂದು ಸಮ್ಮೇಳನದ ನಿಯಮಗಳಿಗೆ ಹೊಂದಿಸಿ ಮತ್ತೆ ಕಳುಹಿಸಿ.

ಸಲ್ಲಿಕೆಗೂ ಸಮ್ಮೇಳನಕ್ಕೂ ನಡುವಿನ ತಿಂಗಳುಗಳಲ್ಲಿ ಇನ್ನಷ್ಟು ದತ್ತಾಂಶ ಸೇರಿ ಸಂಖ್ಯೆಗಳು ಬದಲಾಗುವುದು ಸಹಜ. ತಿದ್ದುಪಡಿಗೆ ಅವಕಾಶವಿದ್ದರೆ ಸಾರಾಂಶವನ್ನೇ ತಿದ್ದಿ. ಇಲ್ಲದಿದ್ದರೆ ಪೋಸ್ಟರಿನಲ್ಲಿ ಹೊಸ ಸಂಖ್ಯೆಯನ್ನೇ ಹಾಕಿ, ಅದರ ಕೆಳಗೆ ಒಂದು ಸಾಲು ಬರೆಯಿರಿ: ಸಾರಾಂಶ ಸಲ್ಲಿಸಿದಾಗ ಪ್ರತಿ ಗುಂಪಿಗೆ 8 ತಟ್ಟೆಗಳಿದ್ದವು, ಈಗ 12 ಇವೆ, ವ್ಯತ್ಯಾಸ 17ರ ಬದಲು 14 ಅಂಶಗಳು. ಪೋಸ್ಟರಿನ ಮುಂದೆ ನಿಂತವರು ಪುಸ್ತಿಕೆಯನ್ನು ತೆರೆದು ಹೋಲಿಸಿ ಕೇಳುವ ಮೊದಲೇ ಅವರಿಗೆ ಉತ್ತರ ಸಿಕ್ಕಿರುತ್ತದೆ.